ಟಿಲ್ಲಿಯ ಹುಳಿಮಾಂಸ

ನಮ್ಮ ಕಡೆ ಊಟವನ್ನು ಹೊಗಳುವ ರೂಢಿಯಿಲ್ಲ. ಫ್ರಾಂಕೋನಿಯಾದ ಈ ಗುಡ್ಡಗಳ ನಡುವೆ ಹುಟ್ಟಿದವನು ತಟ್ಟೆಯನ್ನು ತೊಳೆದಿಟ್ಟಂತೆ ಬಳಿದು ಉಂಡ ಮೇಲೆ ಹೇಳಬಹುದಾದ ಅತಿ ದೊಡ್ಡ ಮಾತೆಂದರೆ ‘ಪರವಾಗಿಲ್ಲ’. ಅದನ್ನು ಮೀರಿ ಏನಾದರೂ ಅಂದರೆ ಅವನಿಗೆ ಮೈ ಹುಷಾರಿಲ್ಲವೆಂದೋ, ಪಂಚಾಯಿತಿ ಚುನಾವಣೆಗೆ ನಿಂತಿದ್ದಾನೆಂದೋ ಜನ ಅನುಮಾನ ಪಡುತ್ತಾರೆ. ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದಾಗ ನನ್ನ ಹೆಂಡತಿ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ಆ ಮಾತನ್ನೇ ಹೇಳಿದ್ದಳು. ಅಲ್ಲಿಂದೀಚೆಗೆ ಅದಕ್ಕಿಂತ ಮೇಲಿನ ದರ್ಜೆಗೆ ಅವಳು ನನ್ನನ್ನು ಏರಿಸಿಲ್ಲ. ನಾನೂ ಕೇಳಲು ಹೋಗಿಲ್ಲ.

ಹೊಗಳಿಕೆಯ ಜಾಗವನ್ನು ನಾವು ಗೊಣಗಾಟದಿಂದ ತುಂಬಿಕೊಂಡಿದ್ದೇವೆ. ಇಷ್ಟವಿಲ್ಲದ ಊಟವನ್ನು ಯಾರೂ ಬೈಯುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಬೈಯುತ್ತಾ ಕೂತಿದ್ದಾನೆ ಎಂದರೆ ಅವನು ಮುಂದಿನ ವಾರವೂ ಬರುತ್ತಾನೆ ಎಂದು ಅರ್ಥ. ಹೊರಗಿನವರಿಗೆ ಇದು ತಿಳಿಯಲು ಸಮಯ ಬೇಕು. ಒಮ್ಮೆ ಹ್ಯಾಂಬರ್ಗಿನ ದಂಪತಿ ನಮ್ಮ ಮೇಜಿನ ಮಾತು ಕೇಳಿಸಿಕೊಂಡು ಹೆದರಿ, ಬರೀ ಕಾಫಿ ಕುಡಿದು ಹೋಗಿದ್ದರು.

ಆ ಮೇಜು ಇರುವುದು ಚರ್ಚಿನ ಎದುರಿನ ‘ಕರಿಕರಡಿ’ ಹೋಟೆಲಿನಲ್ಲಿ, ಅಗ್ಗಿಷ್ಟಿಕೆಯ ಪಕ್ಕ. ಭಾನುವಾರದ ಪೂಜೆ ಮುಗಿದ ಮೇಲೆ ಅಲ್ಲಿ ಕೂರುವವರು ನಾವು ಮೂವರು. ಮನೆಗಳಿಗೆ ಕಪ್ಪು ಕಲ್ಲಿನ ಹೆಂಚು ಹೊದಿಸುತ್ತಿದ್ದ ಎರ್ಹಾರ್ಡ್, ಊರಿನ ಸಮಾಧಿ ಗುಂಡಿಗಳನ್ನು ತೋಡಿ ನಿವೃತ್ತನಾದ ವೆಂಡೆಲಿನ್, ಪಕ್ಕದ ಪಟ್ಟಣದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನಾನು. ಬಿಯರ್ ಹಿಡಿದು ಕೊಡುವವನು ಅಲ್ವಿನ್. ಅಡುಗೆ ಮಾಡುತ್ತಿದ್ದವಳು ಅವನ ಅಕ್ಕ ಒಟ್ಟೀಲಿಯೆ. ಅಷ್ಟುದ್ದದ ಹೆಸರಿನಿಂದ ಅವಳನ್ನು ಕರೆದವರು ಜ್ಞಾನಸ್ನಾನ ಮಾಡಿಸಿದ ಪಾದ್ರಿ ಒಬ್ಬರೇ. ಮಿಕ್ಕವರಿಗೆಲ್ಲ ಅವಳು ಟಿಲ್ಲಿ.

ಟಿಲ್ಲಿ ಭಾನುವಾರ ಮಾಡುತ್ತಿದ್ದುದು ಹುಳಿಮಾಂಸ. ದನದ ಮಾಂಸದ ದೊಡ್ಡ ತುಂಡನ್ನು ಜಾಡಿಯಲ್ಲಿ ವಿನೆಗರ್, ನೀರು, ಈರುಳ್ಳಿ, ಲವಂಗ, ಮೆಣಸಿನಲ್ಲಿ ಮುಳುಗಿಸಿ ನೆಲಮಾಳಿಗೆಯ ತಂಪಿನಲ್ಲಿ ವಾರವಿಡೀ ಇಡಬೇಕು. ಆಮೇಲೆ ಸಣ್ಣ ಉರಿಯಲ್ಲಿ ಅರ್ಧ ದಿನ ಬೇಯಬೇಕು. ಜೇನು ಶುಂಠಿ ಹಾಕಿ ಸುಟ್ಟ ಗಟ್ಟಿ ಕೇಕನ್ನು ತುರಿದು ಹಾಕಿದರೆ ಸಾರು ದಪ್ಪವಾಗಿ, ಕಪ್ಪಗೆ, ಹುಳಿಯ ಹಿಂದೆಯೇ ಸಿಹಿ ಬರುವ ಹಾಗೆ ಆಗುತ್ತದೆ. ಜೊತೆಗೆ ಹಸಿ ಆಲೂಗಡ್ಡೆ ತುರಿದು, ಬಟ್ಟೆಯಲ್ಲಿ ಹಿಂಡಿ, ಕಟ್ಟಿದ ಮುದ್ದೆ. ಮುದ್ದೆಯ ಹೊಟ್ಟೆಯೊಳಗೆ ಬೆಣ್ಣೆಯಲ್ಲಿ ಹುರಿದ ರೊಟ್ಟಿಯ ಚೂರು. ಸೇಬು ಹಾಕಿ ಬೇಯಿಸಿದ ಕೆಂಪು ಎಲೆಕೋಸು. ಮುದ್ದೆಗೆ ಚಾಕು ತಾಗಿಸುವಂತಿಲ್ಲ, ಅದು ಅಡುಗೆಯವಳ ಕೆನ್ನೆಗೆ ಹೊಡೆದ ಹಾಗೆ. ಫೋರ್ಕಿನಿಂದ ಎರಡಾಗಿ ಸೀಳಿ, ಆವಿ ಏಳುವಾಗಲೇ ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ವಾರದ ಏಳು ದಿನಗಳಲ್ಲಿ ಯಾವುದಕ್ಕಾಗಿ ಬದುಕಿದ್ದೇವೆ ಎಂಬುದು ಆ ಕ್ಷಣದ ಮಟ್ಟಿಗೆ ಸ್ಪಷ್ಟವಾಗುತ್ತಿತ್ತು. ನನ್ನ ಹೊಟ್ಟೆಯ ಇಂದಿನ ಆಕಾರಕ್ಕೆ ಟಿಲ್ಲಿಯೇ ಕಾರಣ ಎಂದು ನನ್ನ ಹೆಂಡತಿ ಬಹಿರಂಗವಾಗಿಯೇ ಹೇಳುತ್ತಾಳೆ.

ಮೊದಲ ತುತ್ತು ಇಳಿದ ಕೂಡಲೇ ಗೊಣಗಾಟ ಶುರು.

“ಮುದ್ದೆ ಚಿಕ್ಕದಾಗಿದೆ,” ಎನ್ನುತ್ತಿದ್ದ ವೆಂಡೆಲಿನ್. ಪ್ರತಿ ವಾರವೂ ಅದನ್ನೇ. ಒಮ್ಮೆ ಟಿಲ್ಲಿ ಅವನಿಗೆಂದೇ ಮಗುವಿನ ತಲೆಯಷ್ಟು ದೊಡ್ಡ ಮುದ್ದೆ ಕಟ್ಟಿ ಕಳಿಸಿದಳು. ಅವನು ಅದನ್ನು ಸುತ್ತಲೂ ನೋಡಿ, “ದೊಡ್ಡದು ಮಾಡಕ್ಕೆ ಹೋಗಿ ಗಟ್ಟಿ ಮಾಡಿದಾಳೆ,” ಎಂದ.

ನಾನು ಕೋಸಿನಲ್ಲಿ ಲವಂಗ ಹೆಚ್ಚಾಯಿತು ಎನ್ನುತ್ತಿದ್ದೆ. ನನ್ನ ಮಾತನ್ನು ಟಿಲ್ಲಿ ಎಂದೂ ಗಣನೆಗೆ ತೆಗೆದುಕೊಂಡವಳಲ್ಲ. “ಹೋಗಯ್ಯ ಕನ್ನಡಕ, ನಿನಗೆ ಲವಂಗಕ್ಕೂ ಮೊಳೆಗೂ ವ್ಯತ್ಯಾಸ ಗೊತ್ತಿಲ್ಲ,” ಎಂದು ಅಡುಗೆಮನೆಯ ಕಿಂಡಿಯಿಂದಲೇ ಉತ್ತರ ಬರುತ್ತಿತ್ತು. ತಟ್ಟೆಗಳನ್ನು ಹೊರಗೆ ದಾಟಿಸುವ ಆ ಕಿಂಡಿಯ ಬಾಗಿಲು ಸದಾ ಒಂದು ಗೇಣು ತೆರೆದಿರುತ್ತಿತ್ತು.

ಎರ್ಹಾರ್ಡನ ಬೈಗುಳ ಮಾತ್ರ ಬೇರೆ ಜಾತಿಯದು. ಅವನು ತುತ್ತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಮಾಡಿಗೆ ಹತ್ತಿ ಸೋರುವ ಜಾಗ ಹುಡುಕುವವನ ಹಾಗೆ ಹುಡುಕುತ್ತಿದ್ದ. ಆಮೇಲೆ ಕಿಂಡಿಯ ಕಡೆ ತಿರುಗಿ, “ಟಿಲ್ಲಿ! ಈ ಸಲದ ಕೇಕು ಹಳೇದು. ಶುಂಠಿ ಸತ್ತುಹೋಗಿದೆ!” ಎಂದು ಕೂಗುತ್ತಿದ್ದ. ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು. ಮುಂದಿನ ವಾರ ಹೊಸ ಕೇಕು.

ಟಿಲ್ಲಿ ಮದುವೆಯಾಗಿರಲಿಲ್ಲ. ಒಬ್ಬ ಬಂದಿದ್ದನಂತೆ, ಕುಲ್ಮ್‌ಬಾಖಿನಿಂದ, ಫ್ರಿಜ್ಜು ಮಾರುವವನು. ಮೂರು ಭಾನುವಾರ ಬಂದು, ಉಂಡು, ಸ್ವರ್ಗದಲ್ಲೂ ಇಂಥ ಮುದ್ದೆ ಸಿಗುವುದಿಲ್ಲ ಎಂದನಂತೆ. ನಾಲ್ಕನೆಯ ಭಾನುವಾರ ಟಿಲ್ಲಿ ಅವನನ್ನು ಒಳಗೆ ಬಿಡಲಿಲ್ಲ. “ಮುದ್ದೆ ವಿಷಯದಲ್ಲೇ ಇಷ್ಟು ಸುಳ್ಳು ಹೇಳೋನು, ಮಿಕ್ಕಿದ್ದರಲ್ಲಿ ಬಿಡ್ತಾನಾ?” ಎಂದಳಂತೆ. ಊರು ಅವಳ ವಿವೇಕವನ್ನು ಒಪ್ಪಿಕೊಂಡಿತು.

ಅವರ ಅಪ್ಪ ಸಾಯುವಾಗ ಹೋಟೆಲನ್ನು ಮಗನಿಗೆ ಕೊಟ್ಟ. ಮಗಳಿಗೆ ಒಲೆ ಕೊಟ್ಟ. ಹಾಗೆಂದೇ ಹೇಳಿದನಂತೆ: “ಬಾಗಿಲು ಅಲ್ವಿನ್‌ದು, ಒಲೆ ಟಿಲ್ಲಿದು.” ಮಹಡಿಯ ಮೇಲೆ ಒಂದು ಕೋಣೆ, ಕೆಳಗೆ ಆ ಒಲೆ. ಟಿಲ್ಲಿ ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಆದರೆ ಅಷ್ಟನ್ನು ಮಾತ್ರ ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು. ಅಲ್ವಿನ್ ಕೆಟ್ಟವನಲ್ಲ, ಹೆದರುಪುಕ್ಕಲ. ಅಕ್ಕನಿಗೆ ಎಪ್ಪತ್ತು ಸಮೀಪಿಸಿದಾಗ ಯಾವುದೋ ಕಂಪನಿಯ ಪ್ರತಿನಿಧಿ ಬಂದು ಅವನ ಕೈಗೆ ಒಂದು ಪ್ಲಾಸ್ಟಿಕ್ ಬಕೆಟ್ಟು ಕೊಟ್ಟು ಹೋದ. ಬಕೆಟ್ಟಿನ ಮೇಲೆ ಮೀಸೆ ಇಟ್ಟುಕೊಂಡ ಬಾಣಸಿಗ ನಗುತ್ತಿದ್ದ. ಒಳಗೆ ರೆಡಿಮೇಡ್ ಸಾರು.

“ಬಿಸಿ ಮಾಡಿದ್ರೆ ಮುಗೀತು,” ಎಂದು ಅಲ್ವಿನ್ ನಮ್ಮ ಮೇಜಿಗೆ ಬಂದು ತೋರಿಸಿದ. “ಮುದ್ದೆನೂ ಬರುತ್ತೆ, ಪ್ಯಾಕೆಟ್ಟಲ್ಲಿ.”

ಕಿಂಡಿಯಿಂದ ಟಿಲ್ಲಿಯ ದನಿ ಬಂತು: “ಇಟ್ಕೋ ಅದನ್ನ. ನಾನು ಸತ್ತ ದಿನ ಅದರೊಳಗೇ ನನ್ನ ತುಂಬಿ ಹೂಳುವಿಯಂತೆ.”

“ನೀನು ಅದರೊಳಗೆ ಹಿಡಿಸಲ್ಲ,” ಎಂದ ವೆಂಡೆಲಿನ್. ಈ ವಿಷಯದಲ್ಲಿ ಅವನಿಗೆ ಅಧಿಕಾರವಿತ್ತು.

ನಕ್ಕೆವು. ಬಕೆಟ್ಟು ಬಿಯರ್ ಕಪಾಟಿನ ಮೇಲೆ ಹೋಗಿ ಕೂತಿತು.

ಮುಂದಿನ ವಸಂತದಲ್ಲಿ ಟಿಲ್ಲಿ ಜಾಡಿ ಹಿಡಿದುಕೊಂಡು ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ ಜಾರಿ ಹಿಂದಕ್ಕೆ ಬಿದ್ದಳು. ತಲೆಯ ಹಿಂಭಾಗ ಒಡೆಯಿತು. ಬಾಂಬೆರ್ಗಿನ ಆಸ್ಪತ್ರೆಯಿಂದ ವಾಪಸು ಬಂದ ಮೊದಲ ಭಾನುವಾರವೇ ತಲೆಗೆ ಪಟ್ಟಿ ಕಟ್ಟಿಕೊಂಡು ಒಲೆಯ ಮುಂದೆ ನಿಂತಳು. “ತಲೆ ಒಡೆದ್ರೂ ಮುದ್ದೆ ಒಡೆದಿಲ್ವಲ್ಲ,” ಎಂದು ಎರ್ಹಾರ್ಡ್ ಕಿಂಡಿಯ ಕಡೆ ಕೂಗಿದ. ಅವನ ಪ್ರಕಾರ ಅದು ಕುಶಲ ವಿಚಾರಣೆ.

ಅಲ್ಲಿಂದ ಸಾರು ಓಲಾಡತೊಡಗಿತು. ಒಂದು ವಾರ ಉಪ್ಪೇ ಇಲ್ಲ. ಎರ್ಹಾರ್ಡ್ ಕೂಗಿದ ಮೇಲೆ ಮುಂದಿನ ವಾರ ಸರಿಯಾಯಿತು. ಆಮೇಲೆ ಸಿಹಿ ಹೆಚ್ಚಾಯಿತು. ಮತ್ತೆ ಕೂಗಿದ, ಮತ್ತೆ ಸರಿಯಾಯಿತು. ವಯಸ್ಸಾಯಿತು ಪಾಪ ಎಂದುಕೊಂಡೆವು. ಎರ್ಹಾರ್ಡನಂತೂ ಆ ದಿನಗಳಲ್ಲಿ ಯಾರ ಮೇಲಾದರೂ ಕೂಗಾಡಲು ಕಾಯುತ್ತಿದ್ದವನ ಹಾಗಿದ್ದ. ಅವನ ಹೆಂಡತಿ ಹೆಡ್ವಿಗ್‌ಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಒಂದು ಭಾನುವಾರ ಅವನು ಚಮಚವನ್ನು ಮೇಜಿಗೆ ಕುಕ್ಕಿ, “ಟಿಲ್ಲಿ, ಏನಿದು ಹುಳಿ! ಇದರಲ್ಲಿ ಬೂಟು ತೊಳೀಬಹುದು!” ಎಂದು ಗುಡುಗಿದ. ಒಳಗಿನಿಂದ ಪಾತ್ರೆಯ ಸದ್ದು ಬರಲಿಲ್ಲ. ಬಹಳ ಮೆತ್ತಗೆ, “ಆಯ್ತು ಎರ್ಹಾರ್ಡ್, ಕಡಿಮೆ ಮಾಡ್ತೀನಿ,” ಎಂಬ ಉತ್ತರ ಬಂತು. ಟಿಲ್ಲಿ ಹಾಗೆ ಮಾತಾಡುವವಳೇ ಅಲ್ಲ.

ಅದೇ ವಾರ ಒಂದು ದಿನ ನಾನು ಮಧ್ಯಾಹ್ನದ ಹೊತ್ತಿಗೆ ‘ಕರಡಿ’ ಹೋಟೆಲಿಗೆ ಹೋದಾಗ ಅಲ್ವಿನ್ ಹೊರಗೆಲ್ಲೋ ಹೋಗಿದ್ದ. ಕಿಂಡಿಯಿಂದ ನೀಲಿ ಹೊಗೆ ಬರುತ್ತಿತ್ತು. ಕೋಸು ಸೀದ ವಾಸನೆಗೆ ನನ್ನ ಕಣ್ಣಲ್ಲಿ ನೀರು. ಒಳಗೆ ಓಡಿದೆ. ಟಿಲ್ಲಿ ಒಲೆಗೆ ಬೆನ್ನು ಹಾಕಿ ಕುಳಿತು, ಏನೋ ಗುನುಗುತ್ತಾ ಆಲೂಗಡ್ಡೆ ಸುಲಿಯುತ್ತಿದ್ದಳು.

“ಟಿಲ್ಲಿ, ಕೋಸು!”

ಅವಳು ತಿರುಗಿ, ಹೊಗೆಯನ್ನು ಕಣ್ಣಿನಿಂದ ನೋಡಿದಳು. ಆಗಲೇ ಅವಳಿಗೆ ಗೊತ್ತಾದದ್ದು. ಪಾತ್ರೆ ಇಳಿಸಿ, ಕಿಟಕಿ ತೆಗೆದು, “ನೆಗಡಿ ಕಣಯ್ಯ,” ಎಂದಳು. ಬಿದ್ದ ದಿನದಿಂದ ಒಂದು ಸಲವೂ ಅವಳು ಮೂಗು ಒರೆಸಿಕೊಂಡದ್ದನ್ನು ನಾನು ನೋಡಿರಲಿಲ್ಲ.

“ನೋಡು,” ಎಂದು ನನ್ನ ತೋಳು ಹಿಡಿದುಕೊಂಡಳು. ಅವಳ ಕೈ ಒದ್ದೆಯಾಗಿತ್ತು. “ಅಲ್ವಿನ್‌ಗೆ ಹೇಳಬೇಡ. ಹೇಳಿದ ದಿನವೇ ಆ ಬಕೆಟ್ಟು ಕೆಳಗಿಳಿಯುತ್ತೆ. ಈ ಮನೇಲಿ ನಂದು ಅಂತ ಇರೋದು ಈ ಒಲೆ ಒಂದೇ.”

“ರುಚಿನೂ ಗೊತ್ತಾಗಲ್ವಾ?”

“ಬಿಸಿ ಗೊತ್ತಾಗುತ್ತೆ. ಉಪ್ಪು ಸುರಿದ್ರೆ ಉರಿಯುತ್ತೆ. ಉಳಿದದ್ದೆಲ್ಲ ರಟ್ಟು ಅಗಿದ ಹಾಗೆ. ತಲೆಗೆ ಪೆಟ್ಟು ಬಿದ್ದಾಗ ವಾಸನೆ ಹೋಯ್ತಂತೆ, ವಾಪಸು ಬಂದರೂ ಬರಬಹುದು ಅಂದಿದಾರೆ ಡಾಕ್ಟರು. ನಾನು ನಿಭಾಯಿಸ್ತಿದೀನಿ, ನೀನು ಬಾಯಿ ಮುಚ್ಕೊಂಡಿರು ಅಷ್ಟೇ.”

ಹೇಗೆ ನಿಭಾಯಿಸುತ್ತಿದ್ದೀಯೆ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಮಂದಿಯ ಕಣ್ಣು ಪರೀಕ್ಷಿಸಿ ಹೊಟ್ಟೆ ಹೊರೆಯುವವನ ನೋಟ ಇಷ್ಟು.

ಅಲ್ವಿನ್‌ಗೆ ಹೇಳಲಿಲ್ಲ, ಆದರೆ ಮೇಜಿನ ಮಿಕ್ಕಿಬ್ಬರಿಗೆ ಹೇಳದೆ ಇರುವುದು ಹೇಗೆ? ಚರ್ಚಿನ ಹೊರಗಿನ ಬೆಂಚಿನ ಮೇಲೆ ಮೂವರೂ ಕೂತೆವು. ಎರ್ಹಾರ್ಡ್ ಕೇಳಿಸಿಕೊಂಡು ಬಹಳ ಹೊತ್ತು ತನ್ನ ಬೂಟನ್ನೇ ನೋಡಿದ.

“ಬೂಟು ತೊಳೀಬಹುದು ಅಂದುಬಿಟ್ಟೆ,” ಎಂದ.

“ನಿಂಗೇನು ಗೊತ್ತಿತ್ತು?” ಎಂದ ವೆಂಡೆಲಿನ್.

“ಮೂಗಿಲ್ಲದೋಳಿಗೆ ವಾರವಾರ ಅರಚಿದೀನಿ. ಮನೇಲಿ ಒಬ್ಬಳು ಹಾಗೆ ಮಲಗಿದಾಳೆ, ಇಲ್ಲಿ ಇವಳು. ಸಾಕು. ಇನ್ಮೇಲೆ ಏನು ಹಾಕ್ತಾಳೋ ಅದನ್ನ ತಿನ್ನೋದು, ಎದ್ದು ಬರೋದು. ಯಾರಾದ್ರೂ ಸೊಲ್ಲೆತ್ತಿದ್ರೆ ಹಲ್ಲು ಉದುರಿಸ್ತೀನಿ.”

“ಮುದ್ದೆ ಚಿಕ್ಕದು ಅಂತಾನೂ ಅನ್ನಬಾರದಾ?”

“ಅನ್ನಬಾರದು.”

ಹೀಗೆ, ಬದುಕಿನಲ್ಲಿ ಮೊದಲ ಬಾರಿಗೆ ನಾವು ಮೂವರು ಸಭ್ಯರಾದೆವು. ಬೇಸಿಗೆಯುದ್ದಕ್ಕೂ ಕರಡಿಯಲ್ಲಿ ಆ ಮೇಜು ಮೌನವಾಗಿ ಉಂಡಿತು. ಸಾರು ನೀರಾದಾಗಲೂ ಉಂಡಿತು, ಸಪ್ಪೆಯಾದಾಗಲೂ ಉಂಡಿತು. ಪಕ್ಕದ ಮೇಜಿನವರಿಗೂ ವಿಷಯ ಹೇಗೋ ತಿಳಿದು ಅವರೂ ತೆಪ್ಪಗಾದರು. ಕಿಂಡಿ ಮಾತ್ರ ಒಂದು ಗೇಣಿನ ಬದಲು ಎರಡು ಗೇಣು ತೆರೆದಿರತೊಡಗಿತು. ಆಗಾಗ ಅಲ್ಲಿ ಟಿಲ್ಲಿಯ ಮುಖ ಕಾಣಿಸಿಕೊಂಡು ನಮ್ಮನ್ನು ನೋಡಿ ಮರೆಯಾಗುತ್ತಿತ್ತು. ನಮ್ಮ ಒಳ್ಳೆಯತನವನ್ನು ಅವಳು ಮನಸ್ಸಿನಲ್ಲೇ ನೆನೆಯುತ್ತಿದ್ದಾಳೆ ಎಂದು ನಾನು ಭಾವಿಸಿದೆ.

ಆ ದಿನಗಳಲ್ಲೇ ಹೆಡ್ವಿಗ್‌ಗೆ ಹೊಸ ಗಾಜು ಹಾಕಿದ ಕನ್ನಡಕ ಕೊಡಲು ಅವರ ಮನೆಗೆ ಹೋಗಿದ್ದೆ. ದಿಂಬಿಗೊರಗಿ ಕೂತಿದ್ದಳು. ಕನ್ನಡಕ ಹಾಕಿಕೊಂಡು ಗಂಡನನ್ನು ನೋಡಿ, “ಅಯ್ಯೋ, ಇಷ್ಟು ಸ್ಪಷ್ಟವಾಗಿ ಕಾಣೋದೇನೂ ಬೇಕಿರಲಿಲ್ಲ,” ಎಂದಳು. ಎರ್ಹಾರ್ಡ್ ತಾನೇ ಮಾಡಿದ ಗಂಜಿಯನ್ನು ಅವಳ ಮುಂದಿಟ್ಟ. ಎರಡು ಚಮಚ ಕುಡಿದು ಪಕ್ಕಕ್ಕೆ ಸರಿಸಿದಳು.

“ನೋಡಿ,” ಎಂದು ನನಗೆ ಹೇಳಿದಳು, “ಇಷ್ಟು ವರ್ಷ ಇವನಿಗೆ ಬೇಯಿಸಿ ಹಾಕ್ದೆ. ಒಂದು ದಿನ ಚೆನ್ನಾಗಿದೆ ಅಂದಿದ್ರೆ ಕೇಳಿ.”

“ತಿಂದೆನಲ್ಲ,” ಎಂದ ಎರ್ಹಾರ್ಡ್.

“ಹಸುನೂ ತಿನ್ನುತ್ತೆ.”

“ಹಸು ಬೈಯಲ್ಲ. ನಾನು ಬೈದಿದೀನಿ.”

ಅವಳು ನಕ್ಕಳು, ನಕ್ಕದ್ದಕ್ಕೆ ನೋವಾಗಿ ಮುಖ ಕಿವುಚಿಕೊಂಡಳು. “ನಂಗಿನ್ನು ಬೇಡ ಬಿಡು. ನನ್ನ ಮಣ್ಣಿನ ದಿನದ ಊಟ ಟಿಲ್ಲಿನೇ ಮಾಡಬೇಕು. ಹುಳಿಮಾಂಸ. ಅವತ್ತಾದ್ರೂ ಬಾಯಿ ತುಂಬ ಒಂದು ಒಳ್ಳೇ ಮಾತು ಹೇಳು ಅವಳಿಗೆ. ಪಾಪ, ಅವಳಿಗೀಗ ಬೇಕು ಅದು.”

ಎರ್ಹಾರ್ಡ್ ಗಂಜಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋದ.

ಹೆಡ್ವಿಗ್ ಆಗಸ್ಟಿನಲ್ಲಿ ತೀರಿಕೊಂಡಳು. ಆ ವರ್ಷದ ಆಗಸ್ಟು ನಮ್ಮ ಕಡೆಗೆ ಒಗ್ಗದ ಸೆಕೆ. ಹೊಳೆಯಲ್ಲಿ ಮೀನು ಸತ್ತು ತೇಲಿದವು, ಕರಡಿಯ ನೆಲಮಾಳಿಗೆಯ ಗೋಡೆಯನ್ನು ಮುಟ್ಟಿದರೆ ತಂಪಿರಲಿಲ್ಲ. ಮಣ್ಣು ಮಾಡಿ, ಕೈ ತೊಳೆದು, ಕಪ್ಪು ಕೋಟುಗಳಲ್ಲಿ ಬೆವರುತ್ತಾ ಎಲ್ಲರೂ ಕರಡಿಗೆ ಬಂದೆವು. ಹೆಡ್ವಿಗ್‌ಳ ತವರಿನವರು ಕೋಬುರ್ಗಿನಿಂದ ಬಂದಿದ್ದರು. ಉದ್ದ ಮೇಜಿನ ತಲೆಗೆ ಎರ್ಹಾರ್ಡ್, ಅವನ ಬಲಕ್ಕೆ ಪಾದ್ರಿ, ಎಡಕ್ಕೆ ನಾವಿಬ್ಬರು.

ಕಿಂಡಿಯಿಂದ ತಟ್ಟೆಗಳು ಒಂದೊಂದಾಗಿ ಬಂದವು. ನೋಡಲು ಯಾವ ದೋಷವೂ ಇರಲಿಲ್ಲ. ಮುದ್ದೆ ದುಂಡಗೆ, ಸಾರು ಕಪ್ಪಗೆ, ಕೋಸು ನೇರಳೆಗೆ ಹೊಳೆಯುತ್ತಿತ್ತು. ನನ್ನ ಮುಂದೆ ಬಂದಾಗ ಆವಿ ಮುಖಕ್ಕೆ ಬಡಿಯಿತು. ಶುಂಠಿ, ಲವಂಗದ ಕೆಳಗೆ ಇನ್ನೊಂದು ವಾಸನೆ ಇತ್ತು. ಮೊದಲು ನನ್ನ ಕೋಟಿನದೇ ಎಂದುಕೊಂಡೆ. ಆಮೇಲೆ ವೆಂಡೆಲಿನ್‌ನ ಮುಖ ನೋಡಿದೆ. ಜೀವಮಾನವೆಲ್ಲ ಸ್ಮಶಾನದಲ್ಲಿ ಕಳೆದವನ ಮುಖ ಬಿಳಿಚಿಕೊಂಡಿತ್ತು.

ಮಣ್ಣಿನ ದಿನದ ಊಟದಲ್ಲಿ ಸತ್ತವರ ಮನೆಯವನು ಫೋರ್ಕ್ ಎತ್ತುವವರೆಗೆ ಬೇರೆ ಯಾರೂ ಎತ್ತುವಂತಿಲ್ಲ. ಎತ್ತಿದ ಮೇಲೆ ಕೆಳಗಿಡುವಂತೆಯೂ ಇಲ್ಲ. ಎಲ್ಲರೂ ಎರ್ಹಾರ್ಡನನ್ನು ನೋಡುತ್ತಿದ್ದರು. ಕೋಬುರ್ಗಿನ ಹೆಂಗಸೊಬ್ಬಳು ಅಳುವ ನೆಪದಲ್ಲಿ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡಿದ್ದಳು. ಪಾದ್ರಿ ಪ್ರಾರ್ಥನೆಯನ್ನು ಬೇಕೆಂದೇ ಉದ್ದ ಮಾಡಿದರೆಂದು ಕಾಣುತ್ತದೆ, ಆದರೂ ಅದು ಮುಗಿಯಿತು.

ಎರ್ಹಾರ್ಡ್ ಕಿಂಡಿಯ ಕಡೆ ನೋಡಿದ. ಅದು ಪೂರ್ತಿ ತೆರೆದಿತ್ತು. ಚೌಕಟ್ಟಿನೊಳಗೆ ಒಲೆಯ ಶಾಖಕ್ಕೆ ಕೆಂಪೇರಿದ ಟಿಲ್ಲಿಯ ಮುಖ ಕಾಯುತ್ತಿತ್ತು.

ಅವನು ಮಾಂಸದ ತುಂಡೊಂದನ್ನು ಬಾಯಿಗಿಟ್ಟ. ಈ ಸಲ ಕಣ್ಣು ಮುಚ್ಚಲಿಲ್ಲ. ನುಂಗಿದ. ಇನ್ನೊಂದು ತುತ್ತು ತಿಂದ. ಮೂರನೆಯದನ್ನೂ ತಿಂದ. ಅವನ ಕೊರಳಿನ ನರ ಎದ್ದು ಕಾಣುತ್ತಿತ್ತು. ಬಿಯರ್ ಗುಟುಕರಿಸಿ, ಗಂಟಲು ಸರಿಮಾಡಿಕೊಂಡು, ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದ:

“ಟಿಲ್ಲಿ, ತುಂಬಾ ಚೆನ್ನಾಗಿದೆ. ಇಷ್ಟು ಚೆನ್ನಾಗಿ ನೀನು ಯಾವತ್ತೂ ಮಾಡಿರಲಿಲ್ಲ.”

ಕಿಂಡಿಯ ಬಾಗಿಲು ಮುಚ್ಚಿತು. ಕೋಬುರ್ಗಿನವರು ನಿಟ್ಟುಸಿರಿಟ್ಟು ಫೋರ್ಕ್ ಎತ್ತಿಕೊಂಡರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆದು ಟಿಲ್ಲಿ ಹೊರಗೆ ಬಂದಳು. ಊಟದ ಹೊತ್ತಿನಲ್ಲಿ ಅವಳು ಆಚೆ ಬಂದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಕೈ ಒರೆಸಿಕೊಳ್ಳುತ್ತಾ ನೇರವಾಗಿ ಎರ್ಹಾರ್ಡನ ಬಳಿ ಬಂದು ನಿಂತಳು.

“ಏನಂದೆ? ಇನ್ನೊಂದ್ಸಲ ಹೇಳು.”

“ಚೆನ್ನಾಗಿದೆ ಅಂದೆ.”

“ನೀನು ನನ್ನ ಬೈದು ಎಷ್ಟು ದಿನ ಆಯ್ತು?”

ಅವಳು ಮೇಜಿನುದ್ದಕ್ಕೂ ಕಣ್ಣು ಹಾಯಿಸಿದಳು. ಕರ್ಚೀಫು ಹಿಡಿದವಳ ಮೇಲೆ ಆ ಕಣ್ಣು ಸ್ವಲ್ಪ ನಿಂತಿತು. ಎರ್ಹಾರ್ಡನ ತಟ್ಟೆಯನ್ನು ಎತ್ತಿ ಮೂಗಿನ ಹತ್ತಿರಕ್ಕೆ ತಂದಳು. ಕುರುಡರು ಬೆಳಕಿದೆ ಎಂದು ಯಾರೋ ಹೇಳಿದ ಕಡೆಗೆ ಮುಖ ತಿರುಗಿಸಿ ನಿಲ್ಲುತ್ತಾರಲ್ಲ, ಹಾಗಿತ್ತು ಅದು. ತಟ್ಟೆಯನ್ನು ಕೆಳಗಿಡದೆ ಕೇಳಿದಳು:

“ವೆಂಡೆಲಿನ್, ನಿಂಗೆ ಗೊತ್ತಿರುತ್ತೆ. ಕೆಟ್ಟಿದೆಯಾ?”

ವೆಂಡೆಲಿನ್ ಹೌದೆಂದು ತಲೆಯಾಡಿಸಿದ.

“ಯಾರೂ ತಿನ್ನಬೇಡಿ,” ಎಂದಳು ಟಿಲ್ಲಿ. ದೊಡ್ಡ ದನಿಯಲ್ಲೇನೂ ಅಲ್ಲ. “ಇಡಿ ಕೆಳಗೆ. ಅಲ್ವಿನ್, ಬ್ರೆಡ್ಡು ಕುಯ್ಯಿ. ಸಾಸೇಜು, ಚೀಸು ಎಲ್ಲ ತಂದಿಡು.” ಒಂದೊಂದೇ ತಟ್ಟೆ ಎತ್ತತೊಡಗಿದಳು. ನಾನು ಸಹಾಯಕ್ಕೆ ಎದ್ದೆ. “ಕೂತ್ಕೋ,” ಎಂದಳು. ಕೂತುಕೊಂಡೆ. ಎಲ್ಲ ತಟ್ಟೆಗಳನ್ನೂ ಒಳಗೆ ಸಾಗಿಸಿದ ಮೇಲೆ ಮತ್ತೆ ಎರ್ಹಾರ್ಡನ ಹತ್ತಿರ ಬಂದು ನಿಂತಳು.

“ಹುಳಿ ಜಾಸ್ತಿ ಅಂದೆ ನೀನು. ವಿನೆಗರ್ ಕಡಿಮೆ ಮಾಡಿದೆ. ಆಮೇಲೆ ನೀನು ಸೊಲ್ಲೆತ್ತಲಿಲ್ಲ, ಸರಿಹೋಯ್ತು ಅಂದ್ಕೊಂಡೆ. ಮತ್ತೆಲ್ಲಿ ಹುಳಿಯಾಗುತ್ತೋ ಅಂತ ಹೆದರಿ ವಾರವಾರ ಇನ್ನಷ್ಟು ಇಳಿಸ್ತಾ ಬಂದೆ. ಹೆಡ್ವಿಗ್‌ಗೆ ಹುಳಿ ಆಗ್ತಿರಲಿಲ್ಲ, ಅವಳ ಊಟ ಅಂತ ಇವತ್ತಿನ ಜಾಡಿಗೆ ಹಾಕಿದ್ದು ಬರೀ ಹೆಸರಿಗೆ. ಆ ನೀರಲ್ಲಿ, ಈ ಸೆಕೇಲಿ, ಮಾಂಸ ಉಳಿಯುತ್ತಾ? ನಿನ್ನ ಬಾಯಿ ನಂಬ್ಕೊಂಡು ಅಡುಗೆ ಮಾಡ್ತಿದ್ದೆ ಕಣೋ. ನೀನು ಬೈತಿದ್ದೆ, ನಾನು ತಿದ್ದುತಿದ್ದೆ. ಅದೊಂದೇ ಉಳಿದಿತ್ತು ನಂಗೆ.”

“ನಿನಗೆ ನೋವಾಗಬಾರದು ಅಂತ...” ಎಂದ ಎರ್ಹಾರ್ಡ್.

“ನನ್ನ ಬಗ್ಗೆ ಕನಿಕರ ಪಡೋಕೆ ಯಾರು ಹೇಳಿದ್ರು ನಿಂಗೆ?”

ಹೇಳಿದವಳನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದೆವು.

ಬ್ರೆಡ್ಡು ಬಂತು. ಸಾವಿನ ಊಟಗಳಲ್ಲಿ ಮೊದಲು ಮೌನ, ಆಮೇಲೆ ಸತ್ತವರ ಬಗ್ಗೆ ತಮಾಷೆ, ಕೊನೆಗೆ ಗದ್ದಲ ಇರುತ್ತದೆ. ಅಂದು ಮೌನದಲ್ಲೇ ಎಲ್ಲರೂ ಎದ್ದರು. ರಾತ್ರಿಯೊಳಗೆ ಎರ್ಹಾರ್ಡನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ನೋಡಲು ಹೋದಾಗ ಕೈಗೆ ಡ್ರಿಪ್ಪು ಚುಚ್ಚಿಸಿಕೊಂಡು ಮಲಗಿದ್ದ. “ಹೆಡ್ವಿಗ್ ಕರೆದಳು ಅಂದ್ಕೊಂಡೆ,” ಎಂದ. “ಅವಳಿಗೂ ನಾನು ಬೇಡವಂತೆ.”

ವಾಪಸು ಬಂದವನು ಮನೆಗೂ ಹೋಗದೆ ನನ್ನ ಕಾರನ್ನು ಕರಡಿಯ ಹಿಂಬಾಗಿಲಿಗೆ ಬಿಡಿಸಿದ. ಅಡುಗೆಮನೆಯಲ್ಲಿ ಒಲೆ ಆರಿತ್ತು. ಬಕೆಟ್ಟು ಕಪಾಟಿನಿಂದ ಇಳಿದು ಮೇಜಿನ ಮೇಲೆ ಬಂದಿತ್ತು, ಅದರ ಅಣ್ಣತಮ್ಮಂದಿರು ಗೋಡೆಯ ಪಕ್ಕ ಸಾಲಾಗಿ ನಿಂತಿದ್ದರು. ಟಿಲ್ಲಿ ತೊಟ್ಟಿಯ ಮುಂದೆ ನಿಂತು ಲೋಟ ತೊಳೆಯುತ್ತಿದ್ದಳು.

“ಶನಿವಾರ ಶನಿವಾರ ನಾನು ಬರ್ತೀನಿ,” ಎಂದ ಎರ್ಹಾರ್ಡ್ ಪೀಠಿಕೆಯಿಲ್ಲದೆ. “ಜಾಡಿ ಮೂಸ್ತೀನಿ. ಸಾರು ನೆಕ್ಕಿ ಹೇಳ್ತೀನಿ. ಮನೇಲೀಗ ನಂಗೂ ಕೆಲಸವಿಲ್ಲ. ಮೊದಲಿನ ಹಾಗೇ ಬೈತೀನಿ, ಅದಕ್ಕಿಂತ ಜೋರಾಗೇ ಬೈತೀನಿ.”

ಟಿಲ್ಲಿ ನಲ್ಲಿ ನಿಲ್ಲಿಸಿದಳು. “ಬೈತೀಯ. ಗೊತ್ತು. ಆದರೆ ಹುಳಿ ಅಂದ್ರೆ ನಿಜವಾಗ್ಲೂ ಹುಳಿನೋ, ಇವಳಿಗೆ ಹೀಗಂದ್ರೆ ಸಮಾಧಾನ ಆಗುತ್ತೆ ಅಂತ ಅಂದ್ಯೋ, ನಂಗೆ ಹೇಗೆ ಗೊತ್ತಾಗಬೇಕು? ಆ ಮಾಂಸಾನೇ ಚೆನ್ನಾಗಿದೆ ಅಂತ ನುಂಗಿದೋನು ನೀನು.”

“ಅವತ್ತೊಂದು ದಿನ ಟಿಲ್ಲಿ.”

“ಒಂದು ದಿನ ಸಾಕು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಕೇಳಿ ಸಹಿಸಲಾಗುತ್ತಿರಲಿಲ್ಲ. “ಮಂದಿಗೆ ಹಾಕೋ ಅನ್ನ ಇದು. ಹೋಗು, ಮಲಕ್ಕೋ. ಮುಖ ನೋಡು, ಸುಣ್ಣ ಬಳಿದ ಹಾಗಿದೆ.”

ಅಲ್ವಿನ್ ಅವಳನ್ನು ಮನೆಯಿಂದ ಹೊರಹಾಕಲಿಲ್ಲ. ಕೋಣೆ ಅವಳದೇ. ಒಲೆ ಕಿತ್ತು ಅಲ್ಲೊಂದು ಬಿಸಿ ಮಾಡುವ ಯಂತ್ರ ಇಟ್ಟ. ಕೈ ಕಟ್ಟಿಕೊಂಡು ಕೂರಲಾರೆ ಎಂದು ಅವಳೇ ತಟ್ಟೆ ತೊಳೆಯುವ ಕೆಲಸ ಹಿಡಿದಳು. ಬಕೆಟ್ಟಿನ ಹುಳಿಮಾಂಸ ಎಲ್ಲ ವಾರವೂ ಒಂದೇ ಸಮ, ಬೈಯಲು ಹಿಡಿ ಸಿಗುವುದಿಲ್ಲ. ಹೊರಗಿನ ಗಿರಾಕಿಗಳು ಹೆಚ್ಚಾಗಿದ್ದಾರೆ. ಕಿಂಡಿಯಿಂದ ಒಳಹೋಗುವ ತಟ್ಟೆಗಳೆಲ್ಲ ಬಳಿದು ಖಾಲಿಯಾಗಿರುತ್ತವೆ, ಅವನ್ನು ತೊಳೆಯುವವಳಿಗೆ ಅದು ಕಾಣದೆ ಇರುವುದಿಲ್ಲ. ಅವುಗಳಲ್ಲಿ ಒಂದು ನನ್ನದು. ನಾಚಿಕೆಯಾಗುತ್ತದೆ, ಆದರೆ ಹಸಿವೆಯೂ ಆಗುತ್ತದೆ.

ಎರ್ಹಾರ್ಡನ ತಟ್ಟೆ ಮಾತ್ರ ಅರ್ಧ ತುಂಬಿಯೇ ವಾಪಸು ಹೋಗುತ್ತಿತ್ತು. ಮುದ್ದೆಯನ್ನು ಸೀಳಿ ಹಾಗೇ ಬಿಡುತ್ತಿದ್ದ. ಅವನ ಕೋಟು ಮೈಮೇಲೆ ಸಡಿಲವಾಗುತ್ತಾ ಬಂತು. ಚಳಿಗಾಲದ ಒಂದು ಭಾನುವಾರ ನಾನು ಹಿಂಬಾಗಿಲ ಕಡೆಯಿಂದ ಹೋಗುವಾಗ ಟಿಲ್ಲಿ ಕರೆದಳು. ಅವಳ ಕೈಯಲ್ಲಿ ಅವನ ತಟ್ಟೆ ಇತ್ತು.

“ನಂಗೆ ಕಾಣಲಿ ಅಂತ ಬಿಡ್ತಿದಾನೆ, ಅಲ್ವಾ?”

ನಾನು ಗೊತ್ತಿಲ್ಲ ಎಂದೆ.

“ನಿಂಗ್ಯಾವತ್ತು ಗೊತ್ತಿತ್ತು! ಹೋಗಿ ಹೇಳು ಅವನಿಗೆ, ಪೂರ್ತಿ ತಿನ್ನು ಅಂತ. ಮನೇಲಿ ಬೇಯಿಸಿ ಹಾಕೋರು ಯಾರಿದಾರೆ ಅವನಿಗೆ?” ಉಳಿದ ಮುದ್ದೆಯನ್ನು ಕಸದ ಡಬ್ಬಕ್ಕೆ ತಳ್ಳಿ, ತಟ್ಟೆಯನ್ನು ನೀರಿಗೆ ಹಾಕಿದಳು.

ಹೋಗಿ ಹೇಳಿದೆ. ಮುಂದಿನ ಭಾನುವಾರ ಎರ್ಹಾರ್ಡ್ ತಲೆ ಬಗ್ಗಿಸಿಕೊಂಡು, ನಡುವೆ ಎಲ್ಲೂ ನಿಲ್ಲಿಸದೆ, ಮಾಂಸ, ಮುದ್ದೆ, ಸಾರು ಎಲ್ಲವನ್ನೂ ತಿಂದು ಮುಗಿಸಿದ. ಅಲ್ವಿನ್ ಬಂದು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಒಳಗೆ ಹೋದ. ನಾವು ಮೂವರೂ ಸುಮ್ಮನೆ ಕೂತು, ಒಳಗೆ ನೀರು ಬೀಳುವ ಸದ್ದು ನಿಲ್ಲುವವರೆಗೂ ಬಿಯರ್ ಕುಡಿದೆವು.